ಎಬ್ಬಿಸಿದ ಮಾತು, ತಡೆದ ಮಾತು

1927ರಲ್ಲಿ ಮಹಾಡದ ಕೆರೆಯ ಬಳಿಗೆ ಎರಡು ಸಲ ಮೆರವಣಿಗೆ ಹೋಯಿತು. ಮೊದಲ ಸಲ ಜನ ನೀರು ಕುಡಿದರು. ಎರಡನೆಯ ಸಲ ಕೆರೆಯನ್ನು ಸುತ್ತಿ, ಒಂದು ಹನಿಯನ್ನೂ ಮುಟ್ಟದೆ ಮರಳಿದರು.

ನಲವತ್ತು ರೂಪಾಯಿ ಕೊಟ್ಟು ನೀರು ಕೊಳ್ಳಬೇಕಾಯಿತು. ಕೊಂಕಣದ ಮಹಾಡ್ ಪಟ್ಟಣದಲ್ಲಿ 1927ರ ಮಾರ್ಚ್ 19 ಮತ್ತು 20ರಂದು ಕೊಲಾಬಾ ಜಿಲ್ಲಾ ಬಹಿಷ್ಕೃತ ಪರಿಷತ್ತು ನಡೆಯುವುದಿತ್ತು. ಬಂದವರೆಲ್ಲ ಅಸ್ಪೃಶ್ಯರೆಂದು ಊರಾಚೆ ಇಟ್ಟ ಜಾತಿಗಳವರು. ಊರಲ್ಲೇ ಚವದಾರ್ ಕೆರೆ ಇತ್ತು. ಅದರ ನೀರನ್ನು ದನ ಕುಡಿಯಬಹುದಿತ್ತು, ಮುಸ್ಲಿಮರು ತುಂಬಿಕೊಂಡು ಹೋಗಬಹುದಿತ್ತು, ಇವರು ಮಾತ್ರ ಹತ್ತಿರ ಸುಳಿಯುವಂತಿರಲಿಲ್ಲ. ಹಾಗಾಗಿ ಸಭೆಗೆ ಬಂದವರ ಬಾಯಾರಿಕೆಗೆಂದು ಸವರ್ಣೀಯರ ಕೈಗೆ ದುಡ್ಡಿಟ್ಟು ನೀರು ತರಿಸಿದರು. ಹದಿನೈದರ ಹುಡುಗರಿಂದ ಎಪ್ಪತ್ತರ ಮುದುಕರವರೆಗೆ, ರೊಟ್ಟಿಯ ಬುತ್ತಿಯನ್ನು ಹೆಗಲಿಗೆ ತೂಗುಹಾಕಿಕೊಂಡು, ಕೆಲವರು ನೂರು ಮೈಲಿಯಾಚೆಯಿಂದ ಬಂದಿದ್ದರು.

ಭಾಷಣದಿಂದ ಬಂಡಾಯ ಎದ್ದಿತು ಎಂದ ಕೂಡಲೇ ವೇದಿಕೆ, ಮೈಕು, ಮೇಲೆತ್ತಿದ ಮುಷ್ಟಿ ಕಣ್ಣಿಗೆ ಕಟ್ಟುವುದು ರೂಢಿ. ಮಹಾಡದ ವಿಷಯ ಬಂದಾಗ ನನಗೆ ಮೊದಲು ನೆನಪಾಗುವುದು ಈ ನಲವತ್ತು ರೂಪಾಯಿಯ ಖರ್ಚು. ಆ ಪರಿಷತ್ತಿನಲ್ಲಿ ಅಂಬೇಡ್ಕರ್ ಬಾಯಿ ತೆರೆಯುವ ಮುಂಚೆಯೇ ಅದು ಅರ್ಧ ಭಾಷಣ ಮುಗಿಸಿತ್ತು.

ಕಾಗದದ ಮೇಲಿನ ಹಕ್ಕು

ಕೆರೆಯ ನೀರು ಕಾನೂನಿನ ಪ್ರಕಾರ ಆಗಲೇ ಎಲ್ಲರದಾಗಿತ್ತು ಎನ್ನುವುದು ಈ ಕಥೆಯ ವಿಚಿತ್ರ. 1923ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆ ಒಂದು ಠರಾವು ತಂದರು. ಸರ್ಕಾರದ ಹಣದಲ್ಲಿ ನಡೆಯುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಕಚೇರಿಗಳಿಗೆ ಅಸ್ಪೃಶ್ಯರನ್ನೂ ಬಿಡಬೇಕು ಎಂದು ಅದರ ಸಾರಾಂಶ. ಠರಾವು ಪಾಸಾಯಿತು. ಮರುವರ್ಷ ಮಹಾಡ್ ಪುರಸಭೆಯೂ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಎಂದು ಗೊತ್ತುವಳಿ ಮಾಡಿತು. ಅಲ್ಲಿಗೆ ಎಲ್ಲ ಮುಗಿಯಿತು. ಮೂರು ವರ್ಷ ಅಸ್ಪೃಶ್ಯರಲ್ಲಿ ಯಾರೂ ಕೆರೆಯ ಮೆಟ್ಟಿಲಿಳಿಯಲಿಲ್ಲ, ಇಳಿದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಈ ಸೀಮೆಯೇ ಯಾಕೆ ಮೊದಲು ಎದ್ದಿತು ಎಂಬುದಕ್ಕೆ ಕಾರಣಗಳಿವೆ. ಮಹಾಡ್, ದಾಸಗಾಂವ್ ಸುತ್ತಲ ಹಳ್ಳಿಗಳಲ್ಲಿ, ಅಸ್ಪೃಶ್ಯರೆನಿಸಿಕೊಂಡ ಮಹಾರ್ ಜಾತಿಯ ಸೈನಿಕರ ಮನೆತನಗಳು ಬಹಳ. ಕಂಪನಿ ಸರ್ಕಾರದ ಕಾಲದಿಂದ ಮುಂಬಯಿ ಸೈನ್ಯದಲ್ಲಿ ದುಡಿದು, ಅಲ್ಲಿ ಓದುಬರಹ ಕಲಿತು, ಪೆನ್ಷನ್ ಪಡೆದು ಊರಿಗೆ ಮರಳಿದವರು ಅವರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸರ್ಕಾರ ಆ ಬಾಗಿಲನ್ನೂ ಮುಚ್ಚಿತು. ಹವಾಲ್ದಾರರಾಗಿ ನಿವೃತ್ತರಾದ ಗೋಪಾಳ ಬಾಬಾ ವಲಂಗಕರ್ ಇದೇ ಸೀಮೆಯವರು. ಅಸ್ಪೃಶ್ಯತೆಯನ್ನು ಪ್ರಶ್ನಿಸಿ 1888ರಲ್ಲೇ ಪುಸ್ತಕ ಬರೆದಿದ್ದರು. ಅಂದರೆ ಮಹಾಡದಲ್ಲಿ ಮಾತು ಬರಿಗಿವಿಯ ಮೇಲೆ ಬೀಳಲಿಲ್ಲ. ಅಜ್ಜ ಸುಬೇದಾರನಾಗಿದ್ದ, ಮೊಮ್ಮಗ ಸತ್ತ ದನ ಎಳೆಯುತ್ತಿದ್ದಾನೆ ಎಂಬ ಸಂಕಟ ಅಲ್ಲಿನ ಮನೆಮನೆಯಲ್ಲಿತ್ತು.

ಇನ್ನೊಬ್ಬರ ಹೆಸರು ಹೇಳದೆ ಮುಂದೆ ಹೋಗುವುದು ಅನ್ಯಾಯ. ರಾಮಚಂದ್ರ ಬಾಬಾಜಿ ಮೋರೆ ದಾಸಗಾಂವ್ ಕಡೆಯ ಹುಡುಗ. ವಿದ್ಯಾರ್ಥಿವೇತನ ಗೆದ್ದರೂ ಜಾತಿಯ ಕಾರಣಕ್ಕೆ ಮಹಾಡದ ಶಾಲೆ ಅವರನ್ನು ಸೇರಿಸಿಕೊಂಡಿರಲಿಲ್ಲ. ಅದರ ವಿರುದ್ಧ ಪತ್ರ ಬರೆದು ಜಗಳಾಡಿಯೇ ಒಳಗೆ ಹೋದವರು. ಅಂಬೇಡ್ಕರರನ್ನು ಮಹಾಡಿಗೆ ಕರೆತರಬೇಕೆಂದು ವರ್ಷಗಟ್ಟಲೆ ಬೆನ್ನುಬಿದ್ದವರೂ ಅವರೇ. ಪರಿಷತ್ತಿಗೆ ಮುಂಚೆ ಕಾರ್ಯಕರ್ತರು ಎರಡು ತಿಂಗಳು ಹಳ್ಳಿಹಳ್ಳಿ ತಿರುಗಿದರು. ಮೋರೆ ಮುಂದೆ ಕಮ್ಯುನಿಸ್ಟರಾದರು, ಅಂಬೇಡ್ಕರರ ಮೇಲಿನ ಅಭಿಮಾನ ಮಾತ್ರ ಬಿಡಲಿಲ್ಲ. ದೊಡ್ಡ ಭಾಷಣಗಳ ಚರಿತ್ರೆಯಲ್ಲಿ ಜಮಖಾನೆ ಹಾಸಿದವರಿಗೆ ಜಾಗ ಸಿಗುವುದು ಕಡಿಮೆ.

ಮೂವತ್ತೈದರ ಬ್ಯಾರಿಸ್ಟರ್

ಆ ಮಾರ್ಚ್‌ನಲ್ಲಿ ಅಂಬೇಡ್ಕರರಿಗೆ ಇನ್ನೂ ಮೂವತ್ತಾರು ತುಂಬಿರಲಿಲ್ಲ. ಕೊಲಂಬಿಯಾದಲ್ಲಿ ಓದಿ, ಲಂಡನ್ನಿನ ಡಿ.ಎಸ್‌ಸಿ. ಪಡೆದು, ಗ್ರೇಸ್ ಇನ್‌ನಿಂದ ಬ್ಯಾರಿಸ್ಟರಾಗಿ, ಮುಂಬಯಿ ಶಾಸನ ಪರಿಷತ್ತಿಗೆ ಆಗಷ್ಟೇ ನಾಮಕರಣಗೊಂಡಿದ್ದರು. ಎರಡು ವರ್ಷ ಹಿಂದೆ, 1925ರ ಏಪ್ರಿಲ್‌ನಲ್ಲಿ, ನಮ್ಮ ನಿಪ್ಪಾಣಿಯ ಪರಿಷತ್ತಿನಲ್ಲಿ ಮಾತನಾಡಿ ಹೋಗಿದ್ದರು. ಬೆಳಗಾವಿ ಸೀಮೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮಹಾಡದಲ್ಲಿ ಕೇಳಿದ ದನಿಯನ್ನು ಗಡಿಭಾಗದ ಕನ್ನಡಿಗರು ಅದಕ್ಕೂ ಮೊದಲೇ ಕೇಳಿದ್ದರು.

ಮಾರ್ಚ್ 19ರ ಭಾಷಣವನ್ನು ಅವರು ಶುರುಮಾಡಿದ್ದು ಬಾಲ್ಯದಿಂದ. ಅದೇ ಕೊಂಕಣದ ದಾಪೋಲಿಯಲ್ಲಿ ಅಕ್ಷರ ಕಲಿತದ್ದನ್ನು ನೆನೆದರು. ಆಮೇಲೆ ಸೈನ್ಯದ ಮಾತು ತೆಗೆದರು: ಒಂದು ಕಾಲಕ್ಕೆ ಈ ನೆಲದ ಜನ ಪಲ್ಟನ್ನುಗಳಲ್ಲಿ ಅಧಿಕಾರಿಗಳಾಗಿದ್ದರು, ಅದರಿಂದ ಬಂದ ಮರ್ಯಾದೆ ಏನು, ಅದು ಹೋದಮೇಲೆ ಆದ ಗತಿ ಏನು. ಸ್ವತಃ ಸುಬೇದಾರರ ಮಗ. ಕೇಳುತ್ತ ಕುಳಿತವರಲ್ಲಿ ಎಷ್ಟೋ ಜನ ಪೆನ್ಷನ್‌ದಾರರು. ಅವರ ಮನೆಯ ಲೆಕ್ಕವನ್ನೇ ಬಿಚ್ಚಿ ಅವರ ಮುಂದಿಟ್ಟ ಹಾಗಾಯಿತು.

ಅಲ್ಲಿಂದ ಭಾಷಣ ಬಿರುಸಾಯಿತು. ಸತ್ತ ದನದ ಮಾಂಸ ಬಿಡಿ. ತಂಗಳು ಬೇಡಿ ಉಣ್ಣುವುದನ್ನು ಬಿಡಿ. ಹೊಲ ಮಾಡಿ, ಸರ್ಕಾರಿ ನೌಕರಿಗೆ ನುಗ್ಗಿ, ಮಕ್ಕಳನ್ನು ಓದಿಸಿ. ತಮಗಿಂತ ಮಕ್ಕಳು ಮೇಲೆ ಬರಲಿ ಎಂದು ಬಯಸದ ತಂದೆತಾಯಿಗೂ ಪ್ರಾಣಿಗಳಿಗೂ ಏನು ವ್ಯತ್ಯಾಸ ಎಂದು ಕೇಳಿದರು. ಎದುರು ಕುಳಿತವರ ಬೆನ್ನು ತಟ್ಟುವುದು ಬಿಟ್ಟು ಅವರನ್ನೇ ಕಟಕಟೆಗೆ ಹತ್ತಿಸಿದ ಮಾತಿದು. ನಡತೆ ತಿದ್ದಿಕೊಳ್ಳಿ, ವಿಚಾರ ತಿದ್ದಿಕೊಳ್ಳಿ ಎಂದವರು ಉಚ್ಚಾರವನ್ನೂ ತಿದ್ದಿಕೊಳ್ಳಿ ಎಂದರು. ಇಂದಿನ ಕಿವಿಗೆ ಈ ಕೊನೆಯದು ಸ್ವಲ್ಪ ಇರಿಸುಮುರಿಸು ತರುತ್ತದೆ. ಬಾಯಿ ತೆರೆದೊಡನೆ ಜಾತಿ ಪತ್ತೆಯಾಗಿ ಕಚೇರಿಯ ಹೊಸಿಲಲ್ಲೇ ಮಾತು ಕಡಿದುಹೋಗುತ್ತಿದ್ದ ಕಾಲದಲ್ಲಿ ಅವರು ಅದನ್ನು ಹೇಳಿದರು ಎಂಬುದನ್ನೂ ಮರೆಯಬಾರದು.

ಗಮನಿಸಬೇಕಾದದ್ದೆಂದರೆ, ಕೆರೆಗೆ ಹೋಗೋಣ ಎಂಬ ಕರೆ ಆ ದೊಡ್ಡ ಭಾಷಣದಿಂದ ಬಂದದ್ದಲ್ಲ. ಮರುದಿನ ಠರಾವುಗಳೆಲ್ಲ ಮುಗಿದು, ಸಭೆ ಇನ್ನೇನು ಎದ್ದಿತು ಎನ್ನುವಾಗ ಅನಂತರಾವ್ ಚಿತ್ರೆ ಎದ್ದು ನಿಂತರು. ಅವರು ಅಂಬೇಡ್ಕರರ ಸವರ್ಣೀಯ ಸಂಗಾತಿ. ಪುರಸಭೆ ಕೆರೆಯನ್ನು ಎಲ್ಲರಿಗೂ ತೆರೆದಿದೆ, ಈಗಲೇ ಹೋಗಿ ಆ ಹಕ್ಕು ಚಲಾಯಿಸೋಣ ಎಂದು ಸೂಚಿಸಿದರು. ಪುರಸಭೆಯಲ್ಲಿ ಆ ಗೊತ್ತುವಳಿಯ ಬೆನ್ನಿಗಿದ್ದ ಸುರೇಂದ್ರನಾಥ ಟಿಪಣೀಸರೂ ಇವರ ಜೊತೆಗಿದ್ದರು. ಎರಡು ಮಾತಿನ ಸೂಚನೆಯಷ್ಟೆ. ಆದರೆ ಹಿಂದಿನ ದಿನದ ಭಾಷಣ ಇಡೀ ರಾತ್ರಿ ಜನರೊಳಗೆ ಕೆಲಸ ಮಾಡಿತ್ತು. ಸಾವಿರಾರು ಜನ ಸಾಲುಗಟ್ಟಿ ಪೇಟೆಯ ಬೀದಿಗಳಲ್ಲಿ ಸದ್ದುಗದ್ದಲವಿಲ್ಲದೆ ನಡೆದರು. ಅಂಬೇಡ್ಕರ್ ಮೊದಲು ಕೆರೆಗಿಳಿದು ಬೊಗಸೆಯಲ್ಲಿ ನೀರೆತ್ತಿ ಕುಡಿದರು, ಹಿಂದೆ ಬಂದವರೆಲ್ಲ ಕುಡಿದರು, ತಿರುಗಿ ಬಂದರು.

ಬಂಗಲೆಯ ಅಂಗಳ

ಅಷ್ಟರಲ್ಲಿ ಊರಲ್ಲಿ ಇನ್ನೊಂದು ಬಗೆಯ ಮಾತು ಹಬ್ಬಿತು. ಈಗ ಕೆರೆ ಮುಟ್ಟಿದರು, ಮುಂದೆ ವೀರೇಶ್ವರ ಗುಡಿಗೆ ನುಗ್ಗುತ್ತಾರಂತೆ ಎಂದು ಯಾರೋ ಗಾಳಿಸುದ್ದಿ ಬಿಟ್ಟರು. ಎರಡು ಗಂಟೆಯೊಳಗೆ ದೊಣ್ಣೆ ಹಿಡಿದ ಗುಂಪುಗಳು ಚಪ್ಪರಕ್ಕೆ ನುಗ್ಗಿದವು. ಊಟಕ್ಕೆ ಕುಳಿತವರ ಮೇಲೆ, ಗಂಟು ಕಟ್ಟಿಕೊಂಡು ಊರ ದಾರಿ ಹಿಡಿದವರ ಮೇಲೆ ಏಟು ಬಿತ್ತು. ಹಲವರು ಮುಸ್ಲಿಮರ ಮನೆಗಳಲ್ಲಿ ಆಶ್ರಯ ಪಡೆದು ಉಳಿದರು. ಭಾಷಣ ಬಂಡಾಯ ಎಬ್ಬಿಸುತ್ತದೆ ಎಂದು ಕೊಂಡಾಡುವವರು ವದಂತಿಯೂ ಮಾತೇ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಅದಕ್ಕೆ ವೇದಿಕೆ ಬೇಡ, ಸಿದ್ಧತೆ ಬೇಡ, ಹೇಳಿದವನ ಹೆಸರೂ ಬೇಡ.

ಅಂಬೇಡ್ಕರ್ ಇಳಿದುಕೊಂಡಿದ್ದ ಪ್ರವಾಸಿ ಬಂಗಲೆಯ ಮುಂದೆ ಅವರ ಜನ ಸೇರಿದರು. ಮೈಕಟ್ಟಿನ ಗಂಡಸರು. ಅವರಲ್ಲಿ ಯುದ್ಧ ಕಂಡ ಮಾಜಿ ಸೈನಿಕರೂ ಇದ್ದರು. ತಮ್ಮವರ ನೆತ್ತರು ನೋಡಿ ಬಂದಿದ್ದರು, ಕೈ ತುರಿಸುತ್ತಿತ್ತು, ಒಂದು ಅಪ್ಪಣೆಗೆ ಕಾಯುತ್ತಿದ್ದರು. ಹೂಂ ಎಂದಿದ್ದರೆ ಮಹಾಡದ ಪೇಟೆ ಆ ರಾತ್ರಿ ಉಳಿಯುತ್ತಿರಲಿಲ್ಲ. ಅಂಬೇಡ್ಕರ್ ಶಾಂತಿ ಕಾಯಿರಿ ಎಂದರು. ಅವರು ಕಾದರು.

ನನ್ನ ಮಟ್ಟಿಗೆ ಮಹಾಡದ ದೊಡ್ಡ ಭಾಷಣ ಇದೇ. ಯಾರೂ ಬರೆದಿಟ್ಟುಕೊಂಡದ್ದಲ್ಲ, ಸಂಪುಟಗಳಲ್ಲಿ ಪುಟಗಟ್ಟಲೆ ಸಿಗುವಂಥದ್ದೂ ಅಲ್ಲ. ಹಿಂದಿನ ದಿನ ಯಾರು ತಮ್ಮನ್ನು ಪ್ರಾಣಿಗಳಿಗೆ ಹೋಲಿಸಿ ಬೈದಿದ್ದರೋ ಅವರ ಮಾತಿಗೆ ಗಾಯಗೊಂಡ ಜನ ತಲೆಬಾಗಿದರು ಎಂದರೆ, ಆ ಬೈಗುಳವನ್ನು ಅವರು ಹೇಗೆ ಕೇಳಿಸಿಕೊಂಡಿದ್ದರು ಎಂಬುದು ತಿಳಿಯುತ್ತದೆ.

ಊರಿನ ಸವರ್ಣೀಯರು ಆಮೇಲೆ ಕೆರೆಯನ್ನು ಶುದ್ಧ ಮಾಡಿದರು. 108 ಕೊಡ ನೀರೆತ್ತಿ, ಸೆಗಣಿ, ಗಂಜಲ, ಹಾಲು, ಮೊಸರು ಬೆರೆಸಿ, ಮಂತ್ರ ಹೇಳಿ ಮತ್ತೆ ಕೆರೆಗೆ ಸುರಿದರು. ಆಗಸ್ಟ್‌ನಲ್ಲಿ ಪುರಸಭೆ ತನ್ನ ಹಳೆಯ ಗೊತ್ತುವಳಿಯನ್ನೇ ಹಿಂದಕ್ಕೆ ಪಡೆಯಿತು. ಈ ನಡುವೆ ಏಪ್ರಿಲ್ 3ರಂದು ಅಂಬೇಡ್ಕರ್ ‘ಬಹಿಷ್ಕೃತ ಭಾರತ’ ಪತ್ರಿಕೆ ಶುರುಮಾಡಿ, ಡಿಸೆಂಬರ್‌ನಲ್ಲಿ ಮತ್ತೆ ಮಹಾಡಿಗೆ ಬರುತ್ತೇವೆ ಎಂದು ಸಾರಿದರು.

ವರ್ಸೇಲ್ಸ್ ಬಂದದ್ದು ಕೊಂಕಣಕ್ಕೆ

ಈ ಸಲ ಊರು ಬಾಗಿಲು ಹಾಕಿಕೊಂಡಿತ್ತು. ಹಿಂದೂಗಳಲ್ಲಿ ಚಪ್ಪರಕ್ಕೆ ಜಾಗ ಕೊಡುವವರಿಲ್ಲ. ಫತ್ತೇಖಾನ್ ಎಂಬ ಮುಸ್ಲಿಂ ಗೃಹಸ್ಥರು ತಮ್ಮ ಜಮೀನು ಬಿಟ್ಟುಕೊಟ್ಟರು. ಅಂಗಡಿಯವರು ಸಾಮಾನು ಕೊಡುವುದಿಲ್ಲ ಎಂದದ್ದರಿಂದ ದವಸಧಾನ್ಯ ಹೊರಗಿನಿಂದ ಬಂತು. ಮೇಲಾಗಿ, ಕೆರೆ ಖಾಸಗಿ ಆಸ್ತಿ ಎಂದು ಕೆಲವರು ದಾವೆ ಹೂಡಿ ಡಿಸೆಂಬರ್ 14ರಂದು ತಾತ್ಕಾಲಿಕ ತಡೆಯಾಜ್ಞೆ ತಂದಿದ್ದರು. ಅಂಬೇಡ್ಕರ್ ಮುಂಬಯಿಯಿಂದ ಹಡಗಿನಲ್ಲಿ ದಾಸಗಾಂವ್ ತಲುಪಿ, ಅಲ್ಲಿಂದ ಜನರೊಡನೆ ನಡೆದು ಬಂದರು.

ಡಿಸೆಂಬರ್ 25ರ ಭಾಷಣಕ್ಕೆ ಅವರು ಆಯ್ದ ಉಪಮಾನ ಫ್ರಾನ್ಸಿನದು: 1789ರಲ್ಲಿ ವರ್ಸೇಲ್ಸ್‌ನಲ್ಲಿ ಸೇರಿದ ರಾಷ್ಟ್ರೀಯ ಸಭೆ. ಅದೇ ಸಾಲಿಗೆ ಸೇರುವ ಸಭೆ ನಮ್ಮದು ಎಂದರು. ಎದುರಿಗಿದ್ದವರಲ್ಲಿ ಬಹುಪಾಲು ಅಕ್ಷರ ತಿಳಿಯದ ಹಳ್ಳಿಗರು. ಹದಿನಾರನೆಯ ಲೂಯಿ ಯಾರು, ಫ್ರಾನ್ಸ್ ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿ ಇಲ್ಲದಿರಲಿ, ಗೊತ್ತುಮಾಡಿಸುವಷ್ಟು ವ್ಯವಧಾನ ಮಾತನಾಡುವವರಿಗಿತ್ತು. ಜನರ ಮಟ್ಟಕ್ಕೆ ಇಳಿದು ಮಾತಾಡಬೇಕು ಎಂದು ನಮ್ಮ ರಾಜಕಾರಣಿಗಳು ಹೇಳುವುದನ್ನು ಕೇಳಿದಾಗಲೆಲ್ಲ ಈ ಭಾಷಣ ನೆನಪಾಗಿ ನಗು ಬರುತ್ತದೆ. ಇಳಿಯಬೇಕು ಎನ್ನುವವರು ಜನ ಕೆಳಗಿದ್ದಾರೆ ಎಂದು ಮೊದಲೇ ತೀರ್ಮಾನಿಸಿರುತ್ತಾರೆ.

ಕೆರೆಯ ವಿಷಯವನ್ನು ಅವರು ಬಿಡಿಸಿ ಹೇಳಿದ ರೀತಿ ಅಪ್ಪಟ ವಕೀಲರದು. ಈ ನೀರು ಕುಡಿದು ಯಾರೂ ಅಮರರಾಗುವುದಿಲ್ಲ, ಇಷ್ಟು ಕಾಲ ಕುಡಿಯದೆಯೂ ಸತ್ತಿಲ್ಲ. ಹೋಗುತ್ತಿರುವುದು ನಾವೂ ಮನುಷ್ಯರೆಂದು ಸ್ಥಾಪಿಸಲು ಎಂಬ ತಾತ್ಪರ್ಯ. ಬಾಯಾರಿಕೆಯ ಅಹವಾಲನ್ನು ಅವರು ಒಂದೇ ಏಟಿಗೆ ಸಮಾನತೆಯ ದಾವೆಯಾಗಿ ಮಾರ್ಪಡಿಸಿದರು. ಅದೇ ರಾತ್ರಿ ಚಪ್ಪರದ ಮುಂದೆ ಅರ್ಧ ಅಡಿ ಆಳದ ಗುಂಡಿ ತೋಡಿ, ಗಂಧದ ಕಟ್ಟಿಗೆ ಒಟ್ಟಿ, ಮನುಸ್ಮೃತಿ ಸುಟ್ಟರು. ಆ ಠರಾವು ಮಂಡಿಸಿದ ಗಂಗಾಧರ ನೀಲಕಂಠ ಸಹಸ್ರಬುದ್ಧೆ ಹುಟ್ಟಿನಿಂದ ಬ್ರಾಹ್ಮಣರು. ಬ್ರಾಹ್ಮಣರನ್ನು ದೂರವಿಟ್ಟರೆ ಬೆಂಬಲ ಕೊಡುತ್ತೇವೆ ಎಂದಿದ್ದ ಬ್ರಾಹ್ಮಣೇತರ ಮುಖಂಡರಿಗೆ ಅಂಬೇಡ್ಕರ್ ಮೊದಲೇ ಇಲ್ಲ ಎಂದಿದ್ದರು.

ಮರುದಿನದ್ದು ಕಠಿಣ ಪರೀಕ್ಷೆ. ಸತ್ಯಾಗ್ರಹಕ್ಕೆ ಸುಮಾರು ನಾಲ್ಕು ಸಾವಿರ ಜನ ಹೆಸರು ಬರೆಸಿದ್ದರು, ಜೈಲಿಗೂ ತಯಾರು. ಜಿಲ್ಲಾಧಿಕಾರಿ ಬಂದು, ತಡೆಯಾಜ್ಞೆ ಮೀರಬೇಡಿ ಎಂದು ಸಭೆಗೇ ಹೇಳಿದರು. ಮಾತನಾಡಲು ಎದ್ದವರಲ್ಲಿ ಹೆಚ್ಚಿನವರು ನುಗ್ಗೋಣ ಎನ್ನುವವರೇ. ಅಂಬೇಡ್ಕರ್ ಅವರನ್ನೆಲ್ಲ ಮಾತಾಡಲು ಬಿಟ್ಟರು. ಕೊನೆಗೆ ತಾವೇ ಮುಂದೂಡುವ ಠರಾವು ತಂದರು. ನಮ್ಮ ಜಗಳ ಸವರ್ಣೀಯರ ಜೊತೆ, ಅದರ ನಡುವೆ ಸರ್ಕಾರವನ್ನೂ ಎದುರು ಹಾಕಿಕೊಳ್ಳುವುದು ಬೇಡ, ಕೋರ್ಟಿನಲ್ಲಿ ಗೆಲ್ಲೋಣ ಎಂದು ವಾದಿಸಿದರು. ತಿಂಗಳುಗಟ್ಟಲೆ ಕೆರೆಯ ಕನಸು ಕಟ್ಟಿ ಕರೆತಂದವರಿಗೆ ಬಾಗಿಲಲ್ಲಿ ನಿಲ್ಲಿಸಿ ವಾಪಸು ಹೋಗಿ ಎನ್ನುವುದು ಎಂಥ ನಾಯಕನಿಗೂ ಕುತ್ತಿಗೆಗೆ ಬರುವ ವಿಷಯ. ಸಭೆ ಒಪ್ಪಿತು. ಮೆರವಣಿಗೆ ಹೊರಟು ಕೆರೆಯನ್ನು ಒಂದು ಸುತ್ತು ಹಾಕಿ ಚಪ್ಪರಕ್ಕೆ ಮರಳಿತು. ಇದು ಹಿಂಜರಿಕೆ ಎಂದು ಟೀಕಿಸುವವರು ಅಂದೂ ಇದ್ದರು, ಇಂದೂ ಇದ್ದಾರೆ. ಜನರನ್ನು ಎಬ್ಬಿಸುವುದಕ್ಕೆ ಸಿಟ್ಟು ಸಾಕು. ಎದ್ದವರನ್ನು ನಿಲ್ಲಿಸಲು ಅವರ ನಂಬಿಕೆ ಬೇಕು ಎಂಬುದು ನನ್ನ ಎಣಿಕೆ.

ಮೈಸೂರಿನ ಒಂದು ಭಾಷಣ

ಹೀಗೆ ಕೇಳುವವರನ್ನು ಮುಷ್ಟಿಯಲ್ಲಿಟ್ಟುಕೊಳ್ಳುವುದು ಎಲ್ಲ ಭಾಷಣಕಾರರಿಗೂ ಸಿಗುವ ಭಾಗ್ಯವಲ್ಲ. 1973ರ ನವೆಂಬರ್‌ನಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಮಾತನಾಡಿದರು. ಅವರು ಅಂಬೇಡ್ಕರ್‌ವಾದಿ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಸಚಿವ. ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು, ದಲಿತರು ಇಂಗ್ಲಿಷ್ ಕಲಿಯಲಿ ಎಂದರು. ಅವರು ಮಾತನಾಡಿದ್ದು ದಲಿತ ತರುಣರಿಗಾಗಿ, ಸಿಡಿದೆದ್ದವರು ಬೇರೆಯವರು. ರಾಜ್ಯದ ತುಂಬ ಚಳವಳಿ, ಪ್ರತಿಕೃತಿ ದಹನ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ. ಸಚಿವರು ರಾಜೀನಾಮೆ ಕೊಡಬೇಕಾಯಿತು.

ಆಗಲೇ ಭಾಷಣ ಸೇರಬೇಕಾದವರನ್ನು ಸೇರಿದ್ದು. ಏಟು ತಿಂದ ಹಾಸ್ಟೆಲಿನ ಹುಡುಗರು ಒಟ್ಟಾದರು. ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಪ್ರೊ. ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮುಂತಾದವರ ಸುತ್ತ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಬೂಸಾ ಎಂದು ಜರೆಸಿಕೊಂಡ ಕನ್ನಡ ಸಾಹಿತ್ಯಕ್ಕೆ ಅದೇ ಹುಡುಗರು ಹೊಸ ಕಸುವು ತುಂಬಿದರು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದದ್ದು 1975ರಲ್ಲಿ. ಬಸವಲಿಂಗಪ್ಪನವರಿಗೆ ಅಂಬೇಡ್ಕರರ ಹಾಗೆ ಸಭೆಯನ್ನು ಹಿಡಿದಿಡಲು ಅವಕಾಶವೇ ಸಿಗಲಿಲ್ಲ. ಪತ್ರಿಕೆಯ ತಲೆಬರಹ ಅವರ ಕೈಯಿಂದ ಮಾತನ್ನು ಕಿತ್ತುಕೊಂಡು ಹೋಗಿತ್ತು.

ಸೀರೆಯ ನಿರಿಗೆ

ಮಹಾಡಕ್ಕೆ ಮರಳಿದರೆ, ಡಿಸೆಂಬರಿನ ಪರಿಷತ್ತು ಮುಗಿದ ಮೇಲೆ ಅಂಬೇಡ್ಕರ್ ಹೆಂಗಸರನ್ನು ಸೇರಿಸಿ ಬೇರೆಯಾಗಿ ಮಾತನಾಡಿದರು. ಚರಿತ್ರೆಯ ಪುಸ್ತಕಗಳು ಇದನ್ನು ಒಂದೆರಡು ಸಾಲಿನಲ್ಲಿ ಮುಗಿಸುತ್ತವೆ. ಆ ಹೆಂಗಸರ ಸೀರೆ ಪಾದ ಮುಟ್ಟುವಂತಿರಲಿಲ್ಲ, ಮೊಣಕಾಲ ಕಡೆಗೆ ಎತ್ತಿ ಉಡಬೇಕು ಎಂಬುದು ಜಾತಿಯ ಕಟ್ಟಳೆ. ಕತ್ತು, ಕೈಗಳಲ್ಲಿ ಅಗ್ಗದ ಲೋಹದ ದಪ್ಪ ಸರ, ಮೊಣಕೈವರೆಗೆ ಕಡಗ. ದೂರದಿಂದಲೇ ಜಾತಿ ಗೊತ್ತಾಗಬೇಕು. ಇವನ್ನೆಲ್ಲ ತೆಗೆದೊಗೆಯಿರಿ ಎಂದರು ಅಂಬೇಡ್ಕರ್. ಸವರ್ಣೀಯ ಹೆಂಗಸರು ಉಡುವ ಹಾಗೆ ಉಡಿ, ಅದಕ್ಕೆ ದುಡ್ಡೇನೂ ಖರ್ಚಿಲ್ಲ. ಸತ್ತ ದನದ ಮಾಂಸ ಮನೆಗೆ ಬರಗೊಡಬೇಡಿ. ಕುಡಿದು ಬಂದ ಗಂಡನಿಗೆ, ಮಗನಿಗೆ ಅನ್ನ ಇಕ್ಕಬೇಡಿ. ಹೆಣ್ಣುಮಕ್ಕಳನ್ನೂ ಶಾಲೆಗೆ ಕಳಿಸಿ.

ಕೇಳಿದವರು ಊರಿಗೆ ಹೋಗಿ ಯೋಚಿಸೋಣ ಎನ್ನಲಿಲ್ಲ. ಮಹಾಡದಲ್ಲೇ ಸೀರೆ ಬಿಚ್ಚಿ ನಿರಿಗೆ ಪಾದದವರೆಗೆ ಇಳಿಯುವಂತೆ ಉಟ್ಟುಕೊಂಡರು. ಉಡುವ ಬಗೆ ಗೊತ್ತಿಲ್ಲದವರಿಗೆ ಸವರ್ಣೀಯ ಸುಧಾರಕರ ಮನೆಯ ಹೆಂಗಸರು ತೋರಿಸಿಕೊಟ್ಟರು. ಮಾರ್ಚ್‌ನಲ್ಲಿ ನೀರು ಕುಡಿದವರಿಗೆ ಸಾವಿರಾರು ಜನರ ಬೆಂಬಲವಿತ್ತು. ಈ ಹೆಂಗಸರು ಅದೇ ನಿರಿಗೆಯಲ್ಲಿ ತಂತಮ್ಮ ಹಳ್ಳಿಗೆ ಹೋಗಿ, ಗೌಡ ಪಟೇಲರ ಕಣ್ಣಮುಂದೆ ಒಬ್ಬೊಬ್ಬರೇ ಓಡಾಡಬೇಕಿತ್ತು. ಯಾವುದು ಹೆಚ್ಚು ಧೈರ್ಯದ ಕೆಲಸ ಎಂದು ಕೇಳಿದರೆ ನಾನು ಎರಡನೆಯದರ ಕಡೆ.

ಕೋರ್ಟಿನ ದಾರಿ ಅಂಬೇಡ್ಕರ್ ಎಣಿಸಿದ್ದಕ್ಕಿಂತ ಉದ್ದವಾಯಿತು. ತಡೆಯಾಜ್ಞೆ 1928ರ ಫೆಬ್ರವರಿಯಲ್ಲಿ ತೆರವಾದರೂ ದಾವೆ ಮಹಾಡದಿಂದ ಠಾಣೆ ಪಟ್ಟಣದ ಕೋರ್ಟಿಗೆ, ಅಲ್ಲಿಂದ ಮುಂಬಯಿ ಹೈಕೋರ್ಟಿಗೆ ಏರಿತು. 1937ರ ಮಾರ್ಚ್ 17ರಂದು ತೀರ್ಪು ಬಂತು. ಪೀಠದಲ್ಲಿದ್ದ ಬ್ರೂಮ್‌ಫೀಲ್ಡ್, 1922ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿಗೆ ಆರು ವರ್ಷ ಸಜೆ ವಿಧಿಸಿದ ನ್ಯಾಯಾಧೀಶರೇ. ಕೆರೆ ಪುರಸಭೆಯದು, ಅಸ್ಪೃಶ್ಯರನ್ನು ದೂರವಿಡುವ ಅನಾದಿ ರೂಢಿ ಇತ್ತೆಂದು ಸಾಬೀತಾಗಿಲ್ಲ ಎಂದು ದಾವೆ ಹೂಡಿದ್ದವರ ಮೇಲ್ಮನವಿ ವಜಾ ಆಯಿತು. ಅಸ್ಪೃಶ್ಯತೆ ಸರಿಯೇ ತಪ್ಪೇ ಎಂಬ ಮೂಲಪ್ರಶ್ನೆಗೆ ಹೈಕೋರ್ಟು ಕೈಹಾಕಲಿಲ್ಲ.

ಆ ಹತ್ತು ವರ್ಷದಲ್ಲಿ ಅಂಬೇಡ್ಕರ್ ಬಹಳ ಮುಂದೆ ಹೋಗಿದ್ದರು. ನಾಸಿಕದ ಕಾಳಾರಾಮ ಗುಡಿಯ ಮುಂದೆ 1930ರಿಂದ ವರ್ಷಗಟ್ಟಲೆ ಸತ್ಯಾಗ್ರಹ ನಡೆಸಿ, ಬಾಗಿಲು ತೆರೆಯದ್ದನ್ನು ಕಂಡಿದ್ದರು. 1935ರ ಅಕ್ಟೋಬರ್ 13ರಂದು ಯೇವಲೆಯ ಸಭೆಯಲ್ಲಿ, ಹಿಂದೂವಾಗಿ ಹುಟ್ಟಿದ್ದು ನನ್ನ ಕೈಯಲ್ಲಿರಲಿಲ್ಲ, ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದ್ದರು. ಚವದಾರ್ ಕೆರೆಯ ಹಕ್ಕುಪತ್ರ ಕೈಗೆ ಬರುವ ಹೊತ್ತಿಗೆ ಅವರ ಜನರ ಚರ್ಚೆ ಯಾವ ಕೆರೆ, ಯಾವ ಗುಡಿ ಎಂಬುದನ್ನು ದಾಟಿ, ಯಾವ ಧರ್ಮ ಎಂಬಲ್ಲಿಗೆ ಬಂದಿತ್ತು.